ದಾನವೂ ಸಂವಿಭಾಗವೂ

ಅನ್ನವನ್ನು ಕೊಡುವ ಕಾರ್ಯಕ್ಕೆ ನಮ್ಮ ಹಿರಿಯರು ಎರಡು ಹೆಸರುಗಳನ್ನಿಟ್ಟಿದ್ದಾರೆ. ಒಂದು ದಾನ, ಇನ್ನೊಂದು ಸಂವಿಭಾಗ. ದಾನವೆಂಬುದು ಎಲ್ಲರೂ ಬಲ್ಲ ಮಾತು. ಒಬ್ಬನಲ್ಲಿದ್ದುದು ಮತ್ತೊಬ್ಬನಿಗೆ ಹೋಗುವುದೇ ದಾನ. ಸಂವಿಭಾಗವೆಂಬ ಮಾತು ಈಗ ಅಷ್ಟಾಗಿ ಬಳಕೆಯಲ್ಲಿಲ್ಲ. ಪಾಲುಮಾಡುವುದೆಂಬ ಅರ್ಥವುಳ್ಳ ‘ಭಜ್’ ಧಾತುವಿಗೆ ‘ಸಂ’, ‘ವಿ’ ಎಂಬ ಉಪಸರ್ಗಗಳು ಸೇರಿ ಈ ಶಬ್ದವಾಗಿದೆ. ಒಟ್ಟುಗೂಡಿ ಪಾಲುಮಾಡಿಕೊಳ್ಳುವುದೆಂದು ಇದರ ಅರ್ಥ. ಜೈನ ಗೃಹಸ್ಥರಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೆಂಬುದೊಂದು. ಮನೆಯಲ್ಲಿ ಮಾಡಿದ ಅಡುಗೆಯಲ್ಲಿ, ಮುನ್ಸೂಚನೆಯಿಲ್ಲದೆ ಬಾಗಿಲಿಗೆ ಬಂದ ಮುನಿಗಳೇ ಮೊದಲಾದವರಿಗೆ ಮೊದಲು ಪಾಲೆತ್ತಿ, ಉಳಿದುದನ್ನು ತಾನು ಉಣ್ಣತಕ್ಕದ್ದೆಂಬುದು ಅದರ ತಾತ್ಪರ್ಯ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಬಂದವನದು ಪಾಲು, ಭಿಕ್ಷೆಯಲ್ಲ. ಪಾಲಿಗೆ ಬಾಧ್ಯನಾದವನು ತಲೆ ತಗ್ಗಿಸಬೇಕಾದುದಿಲ್ಲ.

ಇಂಗ್ಲಿಷ್ ಭಾಷೆಯಲ್ಲಿಯೂ ಇಂತಹುದೊಂದು ಮಾತು ಅಡಗಿದೆ. ಸಂಗಡಿಗನಿಗೆ ಅವರು ‘ಕಂಪ್ಯಾನಿಯನ್’ ಎನ್ನುವರು. ಲ್ಯಾಟಿನ್ ಭಾಷೆಯಲ್ಲಿ ‘ಕಂ’ ಎಂದರೆ ಕೂಡಿ, ‘ಪಾನಿಸ್’ ಎಂದರೆ ರೊಟ್ಟಿ. ಒಂದೇ ರೊಟ್ಟಿಯನ್ನು ಕೂಡಿ ತಿನ್ನುವವನೇ ಸಂಗಡಿಗನು. ನಮ್ಮಲ್ಲಿ ಪಂಕ್ತಿಯೆಂಬ ಶಬ್ದಕ್ಕೆ ಯಾವ ಗೌರವವಿದೆಯೋ ಅದೇ ಗೌರವವು ಆ ಶಬ್ದದ ಹುಟ್ಟಿನಲ್ಲಿಯೂ ಇದೆ.

ದಾನಕ್ಕೂ ಸಂವಿಭಾಗಕ್ಕೂ ಇರುವ ಈ ಭೇದವು ಕೇವಲ ಪಂಡಿತರ ವಿನೋದವಲ್ಲ. ಹಸಿದವನ ಮಾನಕ್ಕೆ ಸಂಬಂಧಪಟ್ಟುದು. ಇದನ್ನು ಪುಸ್ತಕಗಳಿಂದ ಬಲ್ಲೆನಾದರೂ, ಕಣ್ಣಾರೆ ಕಂಡುದು ಇಂಗ್ಲೆಂಡಿನ ಒಂದು ಚರ್ಚಿನಲ್ಲಿ. ೨೦೨೪ನೆಯ ಇಸವಿಯ ಆಗಸ್ಟಿನಿಂದ ಅಕ್ಟೋಬರಿನವರೆಗೆ ನಾನು ಆ ದೇಶದ ಮಧ್ಯಭಾಗದ ಒಂದು ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೆನು. ಮಗಳೂ ಅಳಿಯನೂ ಬೆಳಗಾದರೆ ಕೆಲಸಕ್ಕೆ, ಮೊಮ್ಮಗನು ಶಾಲೆಗೆ. ಬೀದಿಯ ಕೊನೆಯಲ್ಲಿದ್ದ ಚರ್ಚಿನ ಬಾಗಿಲಿಗೆ, ಆಹಾರ ಹಂಚುವ ಕಾರ್ಯಕ್ಕೆ ಕೈಗಳು ಬೇಕಾಗಿವೆಯೆಂದು ಕಾಗದವೊಂದನ್ನು ಅಂಟಿಸಿದ್ದರು. ಸಂದರ್ಶಕನಾಗಿ ಆ ದೇಶಕ್ಕೆ ಹೋದವನು ನೋಂದಾಯಿತ ಧರ್ಮಸಂಸ್ಥೆಯಲ್ಲಿ ಒಟ್ಟು ೩೦ ದಿನಗಳಿಗೆ ಮೀರದಂತೆ ಸೇವೆಮಾಡಬಹುದೆಂದು ಅಲ್ಲಿನ ಕಾಯಿದೆ. ವಾರಕ್ಕೆ ಎರಡು ದಿನಗಳಂತೆ ಲೆಕ್ಕ ಹಾಕಿ, ಮಿತಿಯೊಳಗೇ ಇರುವುದನ್ನು ಖಚಿತಪಡಿಸಿಕೊಂಡು ಹೋಗತೊಡಗಿದೆನು.

ಇಂತಹ ಆಹಾರಸಂಗ್ರಹಗಳಿಗೆ ಅಲ್ಲಿ ‘ಫುಡ್ ಬ್ಯಾಂಕು’ ಎಂದು ಹೆಸರು. ಈ ಹೆಸರು ಹುಟ್ಟಿದುದು ಅಮೆರಿಕಾ ದೇಶದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ. ಜಾನ್ ವಾನ್ ಹೆಂಗೆಲ್ ಎಂಬಾತನು ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕನಾಗಿದ್ದನು. ಅಂಗಡಿಗಳವರು ತಿಪ್ಪೆಗೆ ಸುರಿದ ಒಳ್ಳೆಯ ಆಹಾರವನ್ನು ಆರಿಸಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಹಣವನ್ನಿಟ್ಟು ತೆಗೆಯುವ ಬ್ಯಾಂಕಿನಂತೆ ಅನ್ನವನ್ನಿಟ್ಟು ತೆಗೆಯುವ ಸ್ಥಳವೊಂದಿರಬಾರದೇ ಎಂದು ಆತನಿಗೆ ಸೂಚಿಸಿದಳಂತೆ. ಅಲ್ಲಿನ ಸೇಂಟ್ ಮೇರಿ ಚರ್ಚಿನವರು ಪಾಳುಬಿದ್ದ ಒಂದು ಬೇಕರಿಯ ಕಟ್ಟಡವನ್ನು ಬಿಟ್ಟುಕೊಟ್ಟರು. ೧೯೬೭ರಲ್ಲಿ ಕೆಲಸವು ಆರಂಭವಾಯಿತು. ಮೊದಲನೆಯ ವರ್ಷದಲ್ಲಿಯೇ ೨,೭೫,೦೦೦ ಪೌಂಡು ತೂಕದ ಆಹಾರವು ಹಂಚಿಕೆಯಾಯಿತು. ವಿದ್ಯಾವಂತರು ಸಭೆ ಸೇರಿ ಕಂಡುಹಿಡಿದ ಉಪಾಯವಲ್ಲವಿದು. ತಿಪ್ಪೆಯ ಬಳಿ ನಿಂತ ತಾಯಿಯ ಬುದ್ಧಿಯಲ್ಲಿ ಹುಟ್ಟಿದುದೆಂಬುದನ್ನು ನೆನಪಿಡತಕ್ಕದ್ದು.

ಇಂಗ್ಲೆಂಡಿನ ಕಥೆಯೂ ತಾಯಿಯೊಬ್ಬಳಿಂದಲೇ ಮೊದಲಾಗುತ್ತದೆ. ಪ್ಯಾಡಿ ಹೆಂಡರ್ಸನ್ ಮತ್ತು ಕ್ಯಾರಲ್ ಹೆಂಡರ್ಸನ್ ಎಂಬ ದಂಪತಿಗಳು ೧೯೯೭ರಲ್ಲಿ, ಕ್ಯಾರಲಳ ತಾಯಿ ಬಿಟ್ಟುಹೋದ ಹಣದಿಂದ, ಆಕೆಯ ವಂಶನಾಮವಾದ ಟ್ರಸಲ್ ಎಂಬ ಹೆಸರಿನಲ್ಲಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ಅದರ ಉದ್ದೇಶವು ಬಲ್ಗೇರಿಯಾ ದೇಶದ ನಿರ್ಗತಿಕ ಮಕ್ಕಳಿಗೆ ನೆರವಾಗುವುದಾಗಿತ್ತು. ೨೦೦೦ದಲ್ಲಿ ಅವರ ಊರಾದ ಸಾಲ್ಸ್‌ಬರಿಯ ತಾಯಿಯೊಬ್ಬಳು ದೂರವಾಣಿಯಲ್ಲಿ ಅವರನ್ನು ಕರೆದು, ದೂರದ ದೇಶದ ಮಕ್ಕಳ ಮಾತು ಹಾಗಿರಲಿ, ಈ ರಾತ್ರಿ ನನ್ನ ಮಕ್ಕಳು ಹಸಿದು ಮಲಗಬೇಕಾಗಿದೆಯಲ್ಲ, ಇದಕ್ಕೇನು ಹೇಳುವಿರಿ ಎಂಬ ಅಭಿಪ್ರಾಯದ ಮಾತನ್ನಾಡಿದಳು. ಗಂಡಹೆಂಡಿರು ತಮ್ಮ ತೋಟದ ಕೊಟ್ಟಿಗೆಯಲ್ಲಿಯೂ ಮೋಟಾರು ನಿಲ್ಲಿಸುವ ಕೋಣೆಯಲ್ಲಿಯೂ ಡಬ್ಬಿಗಳನ್ನು ಜೋಡಿಸಿ, ಊರಿನವರಿಗೆ ಮೂರು ದಿನಗಳ ಆಹಾರವನ್ನು ಕೊಡತೊಡಗಿದರು. ಆ ಕೊಟ್ಟಿಗೆಯ ಕೆಲಸವು ಇಂದು ದೇಶದಾದ್ಯಂತ ಬೆಳೆದಿದೆ. ಬಹುಪಾಲು ಕೇಂದ್ರಗಳು ಚರ್ಚುಗಳ ಆಶ್ರಯದಲ್ಲಿಯೇ ನಡೆಯುತ್ತವೆ. ಈ ಒಂದು ಸಂಸ್ಥೆಯ ಕೇಂದ್ರಗಳಿಂದಲೇ ೨೦೨೩ರ ಏಪ್ರಿಲಿನಿಂದ ೨೦೨೪ರ ಮಾರ್ಚಿಯವರೆಗಿನ ಒಂದು ವರ್ಷದಲ್ಲಿ ೩೧ ಲಕ್ಷಕ್ಕೂ ಮೀರಿದ ಆಹಾರದ ಗಂಟುಗಳು ಹೊರಬಿದ್ದುವು. ಅವುಗಳಲ್ಲಿ ೧೧ ಲಕ್ಷಕ್ಕೂ ಹೆಚ್ಚಿನವು ಮಕ್ಕಳಿಗಾಗಿ ಹೋದುವು.

ಸೂರ್ಯನು ಮುಳುಗದ ಸಾಮ್ರಾಜ್ಯವೆಂದು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ದೇಶದಲ್ಲಿ ಇದೇನು ವಿಚಿತ್ರ ಎಂದು ವಾಚಕರು ಕೇಳಬಹುದು. ಬೆಳೆ ಕೆಟ್ಟು ಬಂದ ಕ್ಷಾಮವಲ್ಲವಿದು. ಅಂಗಡಿಗಳಲ್ಲಿ ಆಹಾರವು ರಾಶಿ ರಾಶಿಯಾಗಿದೆ, ಕೈಯಲ್ಲಿ ಹಣವಿಲ್ಲ. ೨೦೨೩ರ ಮಾರ್ಚಿಯಲ್ಲಿ ಅಲ್ಲಿನ ಆಹಾರಪದಾರ್ಥಗಳ ಬೆಲೆಯು ಹಿಂದಿನ ವರ್ಷಕ್ಕಿಂತ ಶೇಕಡ ೧೯ರಷ್ಟು ಮೇಲೇರಿತ್ತು. ಮನೆಯ ಬಾಡಿಗೆಯೂ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಖರ್ಚೂ ತೆತ್ತ ಮೇಲೆ ಉಳಿಯುವುದೇ ಊಟದ ಹಣ. ಆದಕಾರಣ ಇಕ್ಕಟ್ಟು ಬಂದಾಗ ಮೊದಲು ಕಿರಿದಾಗುವುದು ತಟ್ಟೆ. ಕೆಲಸ ಹೋದವನು ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿದರೆ ಮೊದಲ ಕಂತು ಕೈಸೇರುವುದಕ್ಕೆ ಐದು ವಾರಗಳಾಗುತ್ತವೆ. ನಡುವೆ ಮುಂಗಡ ಬೇಕಾದರೆ ಸಾಲವಾಗಿ ಸಿಕ್ಕುವುದು; ಅದು ಮುಂದಿನ ಕಂತುಗಳಲ್ಲಿ ಮುರಿದುಹೋಗುವುದು. ಐದು ವಾರ ಹೊಟ್ಟೆಯು ಕಾದೀತೆ?

ಇನ್ನು ಕೆಲಸದ ಕ್ರಮವನ್ನು ಹೇಳುವೆನು. ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ನಾವು ಹತ್ತು ಹನ್ನೆರಡು ಮಂದಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರುವೆವು. ಮೇಲ್ವಿಚಾರಕಿಯು ದಾದಿಯ ಉದ್ಯೋಗದಿಂದ ನಿವೃತ್ತಳಾದ ಹೆಂಗಸು. ಬಸ್ಸು ನಡೆಯಿಸಿ ವಿಶ್ರಾಂತನಾದವನೊಬ್ಬ, ಸಿಖ್ಖರ ಮುದುಕರೊಬ್ಬರು, ಮುಸಲ್ಮಾನರ ತರುಣಿಯೊಬ್ಬಳು, ಹಿಂದೊಮ್ಮೆ ತಾನೇ ಇಲ್ಲಿಂದ ಆಹಾರ ಒಯ್ದು ಈಗ ಸೇವೆಗೆ ನಿಂತಿರುವ ತಾಯಿಯೊಬ್ಬಳು, ಹೀಗೆ ನಾನಾ ಜನ. ಪಾದ್ರಿಗಳು ಬಂದರೆ ಕುರ್ಚಿ ಜೋಡಿಸುವರು. ಧರ್ಮೋಪದೇಶ ಮಾಡಿದುದನ್ನು ನಾನು ಕಾಣಲಿಲ್ಲ. ಬಂದವರ ಮತವೇನೆಂದು ಕೇಳುವುದಿಲ್ಲ. ಮಾಂಸ ತಿನ್ನುವಿರೋ ಇಲ್ಲವೋ ಎಂದು ಕೇಳುವರು, ಗಂಟು ಕಟ್ಟುವುದಕ್ಕೆ ಅದು ಬೇಕು.

ದಾನವಾಗಿ ಬಂದ ಪದಾರ್ಥಗಳನ್ನು ಮೊದಲು ತೂಗಿ ಬರೆದುಕೊಳ್ಳಬೇಕು. ಆಮೇಲೆ ಪ್ರತಿಯೊಂದು ಡಬ್ಬಿಯ ಮೇಲಿನ ತಾರೀಖನ್ನು ಓದಿ, ವರ್ಷಕ್ಕೂ ತಿಂಗಳಿಗೂ ತಕ್ಕಂತೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿಡಬೇಕು; ಮುಂಚೆ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಅಲ್ಲಿ ತಾರೀಖುಗಳಲ್ಲಿ ಎರಡು ಬಗೆ. ಇಂತಹ ದಿನದೊಳಗೆ ಉಪಯೋಗಿಸಿರಿ ಎಂಬುದು ಆರೋಗ್ಯದ ಆಜ್ಞೆ. ಅದು ಕಳೆದರೆ ಬಿಸಾಡತಕ್ಕದ್ದೇ. ಇಂತಹ ದಿನದವರೆಗೆ ಉತ್ತಮ ಎಂಬುದು ರುಚಿಯ ಮಾತು. ಅದು ಕಳೆದರೂ ಪದಾರ್ಥವು ವಿಷವಾಗುವುದಿಲ್ಲ. ನಲವತ್ತು ವರ್ಷದ ಹಿಂದೆ ಶಾಲೆಯಲ್ಲಿ ಹಾಜರಿ ಬರೆದ ಅಭ್ಯಾಸವು ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಗಂಟಿನಲ್ಲಿ ಹೋಗುವುವು ಇವು: ಅಕ್ಕಿ ಅಥವಾ ಪಾಸ್ತಾ, ಬೇಳೆ, ಡಬ್ಬಿಯ ಹುರುಳಿಕಾಯಿಬೀಜ, ತರಕಾರಿ, ಟೊಮ್ಯಾಟೊ, ಹಣ್ಣು, ಸೂಪು, ಬೆಳಗಿನ ಉಪಾಹಾರದ ಧಾನ್ಯ, ಬಹುದಿನ ಕೆಡದ ಹಾಲು, ಚಹಾ, ಬಿಸ್ಕತ್ತು.

ಅಕ್ಕಿಯನ್ನು ಕೊಟ್ಟರೆ ಮುಗಿಯಿತೆಂದು ನಾವೆಣಿಸುವೆವು. ಆದರೆ ಕೆಲವರ ಮನೆಗಳಲ್ಲಿ ಮುಂಗಡವಾಗಿ ಹಣ ತುಂಬಿದರೆ ಮಾತ್ರ ಒಲೆ ಉರಿಯುವಂತಹ ಮೀಟರುಗಳಿವೆ. ಹಣ ತೀರಿತೆಂದರೆ ಅಕ್ಕಿಯು ಅಕ್ಕಿಯಾಗಿಯೇ ಉಳಿಯುವುದು. ಅಂತಹವರಿಗೆಂದು, ಬರಿಯ ಬಿಸಿನೀರು ಹಾಕಿದರೆ ಸಿದ್ಧವಾಗುವ ಪದಾರ್ಥಗಳ ಬೇರೆಯೊಂದು ಗಂಟನ್ನು ಕಟ್ಟುತ್ತಿದ್ದರು; ಕೆಟಲಿನ ಗಂಟೆಂದು ಅದಕ್ಕೆ ಹೆಸರು. ಅದೂ ಸಾಗದವನಿಗೆ, ಬಿಸಿಯೇ ಬೇಡದ ಪದಾರ್ಥಗಳ ಗಂಟು. ಡಬ್ಬಿಯನ್ನು ಕೊಡುವಾಗ ಅದನ್ನು ತೆರೆಯುವ ಸಾಧನವು ಮನೆಯಲ್ಲಿದೆಯೇ ಎಂದು ಕೇಳುವರು. ನನಗೆ ಆಗ ತೋರಿದುದೇನೆಂದರೆ, ದಾನಿಯು ತನ್ನ ಉಗ್ರಾಣವನ್ನು ನೋಡಿ ಕೊಡುತ್ತಾನೆ. ಹಂಚಿಕೊಳ್ಳುವವನು ಎದುರಿನವನ ಅಡುಗೆಮನೆಯನ್ನು ನೆನೆದು ಕೊಡುತ್ತಾನೆ.

ಅಲ್ಲಿಗೆ ಬರಬೇಕಾದರೆ ಸಾಮಾನ್ಯವಾಗಿ ಒಂದು ಚೀಟಿ ಬೇಕು. ವೈದ್ಯರೋ, ಶಾಲೆಯವರೋ, ಸಾಲದ ವಿಷಯದಲ್ಲಿ ಬುದ್ಧಿ ಹೇಳುವ ಸಂಸ್ಥೆಯವರೋ ಅದನ್ನು ಬರೆದುಕೊಡುವರು. ನಮ್ಮ ಧರ್ಮಸ್ಥಳದಲ್ಲಿಯೋ ಸಿದ್ಧಗಂಗೆಯಲ್ಲಿಯೋ ಊಟದ ಪಂಕ್ತಿಗೆ ಕುಳಿತವನನ್ನು ಚೀಟಿ ಕೇಳುವವರಿಲ್ಲ. ಇದನ್ನು ನಾನು ಆ ಮೇಲ್ವಿಚಾರಕಿಗೆ ಹೇಳಿದೆನು. ಆಕೆಯು ಸಮಾಧಾನದಿಂದ ಕೇಳಿ, ಹಸಿವಿಗೆ ಕಾರಣವಾದ ಸಾಲವನ್ನೋ ಕಾಯಿಲೆಯನ್ನೋ ನೋಡಬಲ್ಲವರ ಕೈಗೆ ಮನುಷ್ಯನು ಮೊದಲು ಸೇರಲಿ ಎಂಬುದಕ್ಕಾಗಿ ಈ ಏರ್ಪಾಡು, ಬರಿಯ ಗಂಟನ್ನು ಕೊಟ್ಟು ಕಳುಹಿದರೆ ಮುಂದಿನ ವಾರವೂ ಅದೇ ಗಂಟು ಬೇಕಾಗುವುದು ಎಂದಳು. ಆಕೆಯ ಮಾತು ಯುಕ್ತವೇ. ಆದರೂ ಚೀಟಿಯನ್ನು ಹಿಡಿದ ಕೈ ಬಾಗಿಲಲ್ಲಿ ಸ್ವಲ್ಪ ತಡೆಯುತ್ತಿದ್ದುದನ್ನು ನಾನು ಪ್ರತಿ ಮಂಗಳವಾರವೂ ನೋಡಿದೆನು. ಆ ಸಂಕೋಚವನ್ನು ಕರಗಿಸಲೆಂದೇ, ಬಂದವರನ್ನು ಮೊದಲು ಮೇಜಿನ ಬಳಿ ಕೂರಿಸಿ ಚಹಾ ಕೊಡುವ ಪದ್ಧತಿಯನ್ನಿಟ್ಟಿದ್ದರು. ನಾವೂ ಒಂದೊಂದು ಬಟ್ಟಲು ಹಿಡಿದು ಎದುರಿಗೆ ಕುಳಿತುಕೊಳ್ಳಬೇಕು. ನಿಂತು ಕೊಡಕೂಡದು, ಇದು ಆಕೆಯ ನಿಯಮ.

ಶುಕ್ರವಾರದ ಕೆಲಸವು ಬೇರೆ ತರಹದ್ದು. ಅದು ಉಗ್ರಾಣ, ಅವರ ಮಾತಿನಲ್ಲಿ ‘ಪ್ಯಾಂಟ್ರಿ’. ೨೦೧೩ರಲ್ಲಿ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ ಮೊದಲಾದ ಈ ಪದ್ಧತಿಯನ್ನು, ಬಡತನದ ನಿವಾರಣೆಗಾಗಿ ೧೯೮೨ರಿಂದ ಕೆಲಸ ಮಾಡುತ್ತಿರುವ ‘ಚರ್ಚ್ ಆಕ್ಷನ್ ಆನ್ ಪಾವರ್ಟಿ’ ಎಂಬ ಕ್ರೈಸ್ತ ಸಂಸ್ಥೆಯು ಬೇರೆ ಊರುಗಳಿಗೂ ಹರಡಿತು. ಇಂತಹ ಉಗ್ರಾಣಗಳಿಗೆ ನೆರೆಹೊರೆಯವರು ಸದಸ್ಯರಾಗುವರು. ವಾರಕ್ಕೆ ಕೆಲವೇ ಪೌಂಡುಗಳ ಚಂದಾ ತೆತ್ತು, ಅದಕ್ಕೆ ಎಷ್ಟೋ ಪಾಲು ಹೆಚ್ಚಿನ ಬೆಲೆಯ ಪದಾರ್ಥಗಳನ್ನು ಕಪಾಟುಗಳಿಂದ ತಾವೇ ಆರಿಸಿಕೊಳ್ಳುವರು. ದೊಡ್ಡ ಅಂಗಡಿಗಳಲ್ಲಿ ಮಿಕ್ಕ ಆಹಾರವು ಕಸಕ್ಕೆ ಹೋಗದೆ ಇಲ್ಲಿಗೆ ಬರುವುದು. ಚಂದಾ ತೆತ್ತವನು ಸದಸ್ಯನು; ಸದಸ್ಯನು ಟೀಕಿಸಬಲ್ಲನು. ಈ ವಾರ ಈರುಳ್ಳಿ ಚೆನ್ನಾಗಿಲ್ಲವೆಂದು ಒಬ್ಬ ಅಜ್ಜಿ ನನ್ನನ್ನು ಗದರಿಸಿದಳು. ಮಂಗಳವಾರದ ಸಭಾಂಗಣದಲ್ಲಿ ಅಂತಹ ಗದರಿಕೆಯನ್ನು ನಾನು ಕೇಳಿರಲಿಲ್ಲ. ಅಲ್ಲಿ ಕೇಳುತ್ತಿದ್ದುದು ವಂದನೆ ಮಾತ್ರ. ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚಾಗಿಯೇ. ಈರುಳ್ಳಿಯನ್ನು ಹಳಿಯುವ ಅಧಿಕಾರವು ಎಷ್ಟು ದೊಡ್ಡದೆಂಬುದು, ಅದನ್ನು ಕಳೆದುಕೊಂಡವರನ್ನು ಕಂಡ ಮೇಲೆಯೇ ತಿಳಿಯುವುದು.

ಸೆಪ್ಟೆಂಬರಿನ ಒಂದು ಮಂಗಳವಾರ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ನಾನು ಬಾಗಿಲ ಬಳಿ ಬಂದವರನ್ನು ಒಳಗೆ ಕರೆಯುವ ಕೆಲಸದಲ್ಲಿದ್ದೆನು. ಹೊರಗೆ ಗೋಡೆಗೆ ಒರಗಿ, ಬೆನ್ನು ತಿರುಗಿಸಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬ ದೂರವಾಣಿಯಲ್ಲಿ ಮಾತಾಡುತ್ತಿದ್ದನು. “ಊಟ ಆಯ್ತಮ್ಮಾ. ಅನ್ನ, ಸಾರು, ಪಲ್ಯ. ನೀನೇನೂ ಯೋಚಿಸ್ಬೇಡ” ಎಂಬ ಮಾತುಗಳು ಕಿವಿಗೆ ಬಿದ್ದುವು. ಅವನ ಇನ್ನೊಂದು ಕೈಯಲ್ಲಿ ವಿಶ್ವವಿದ್ಯಾಲಯದವರು ಬರೆದುಕೊಟ್ಟ ಚೀಟಿಯಿತ್ತು.

ಆರು ವಾರಗಳಿಂದ ಮನೆಯವರ ಹೊರತು ಮತ್ತೊಬ್ಬರ ಬಾಯಲ್ಲಿ ಕನ್ನಡವನ್ನು ಕೇಳದ ನನಗೆ, ಎರಡು ಹೆಜ್ಜೆ ಮುಂದಿಟ್ಟು “ಯಾವೂರಪ್ಪ ನಿಂದು?” ಎಂದು ಕೇಳುವಷ್ಟು ಆತುರವಾಯಿತು. ಆದರೆ ಆ ಕ್ಷಣದಲ್ಲಿಯೇ ನನ್ನ ಹಣೆಯ ಗೋಪೀಚಂದನವು ನೆನಪಿಗೆ ಬಂತು. ಅವನು ತಿರುಗಿ ನೋಡಿದನೆಂದರೆ ಊರಿನ ಹಿರಿಯನೊಬ್ಬನು ಬಾಗಿಲಲ್ಲಿ ನಿಂತಿರುವನೆಂದು ತಿಳಿಯುವುದು. ತಾಯಿಗೆ ಆಗತಾನೆ ಹೇಳಿದ ಮಾತಿಗೆ ಸಾಕ್ಷಿಯೊಬ್ಬನು ದೊರಕಿದಂತಾಗುವುದು. ಪರದೇಶದವರ ಮುಂದೆ ಹಿಡಿಯಬಲ್ಲ ಚೀಟಿಯನ್ನು ನಮ್ಮವರ ಮುಂದೆ ಹಿಡಿಯುವುದು ಕಷ್ಟ. ಅವನು ತಿರುಗುವ ಮೊದಲೇ ನಾನು ಒಳಕ್ಕೆ ಹೋಗಿ, ಮೇಲ್ವಿಚಾರಕಿಗೆ ಎರಡು ಮಾತಿನಲ್ಲಿ ವಿಷಯವನ್ನು ತಿಳಿಸಿ, ಹಿಂದಣ ಉಗ್ರಾಣವನ್ನು ಸೇರಿದೆನು. ಆಕೆಯು ಬಸ್ಸಿನ ಗೆಳೆಯನನ್ನು ಬಾಗಿಲಿಗೆ ಕಳುಹಿಸಿದಳು. ಹುಡುಗನು ಕುಳಿತು ಚಹಾ ಕುಡಿದನು. ಅವನ ಗಂಟನ್ನು ನಾನೇ ಕಟ್ಟಿದೆನು: ಅಕ್ಕಿ, ಕೆಂಪು ಬೇಳೆ, ಕಡಲೆಯ ಡಬ್ಬಿ, ಟೊಮ್ಯಾಟೊ, ಹಾಲು, ಚಹಾ, ಅಂಗಡಿಯವರೊಬ್ಬರು ಕೊಟ್ಟಿದ್ದ ಅರಿಸಿನದ ಪುಡಿಯೂ ಮೆಣಸಿನ ಪುಡಿಯೂ. ಆ ಬಳಿಕ ಮೂರು ಮಂಗಳವಾರ ಅವನು ಬಂದನು. ಮೂರು ಸಲವೂ ನಾನು ಉಗ್ರಾಣದಲ್ಲಿಯೇ ಇದ್ದೆನು. ಅವನ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದುದೂ ಇಲ್ಲ. ಅವನು ನನ್ನನ್ನು ನೋಡಲಿಲ್ಲವೆಂಬುದು ನಾನು ಅಲ್ಲಿ ಮಾಡಿದ ಸೇವೆಯಲ್ಲಿ ಸೇರಿದೆಯೆಂದು ನನ್ನ ನಂಬಿಕೆ.

ನಮ್ಮ ದೇಶದಿಂದ ಹೋದ ವಿದ್ಯಾರ್ಥಿಗಳ ಸ್ಥಿತಿಯನ್ನು ಮನೆಯವರು ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು. ಅಲ್ಲಿ ಪದವಿಯ ವ್ಯಾಸಂಗಕ್ಕಾಗಿ ಹೋದವನು ಪಾಠಗಳು ನಡೆಯುವ ಕಾಲದಲ್ಲಿ ವಾರಕ್ಕೆ ೨೦ ಗಂಟೆಗಳಿಗಿಂತ ಹೆಚ್ಚು ಸಂಬಳದ ಕೆಲಸವನ್ನು ಮಾಡುವಂತಿಲ್ಲ. ಸರ್ಕಾರದ ಸಹಾಯಧನಕ್ಕೆ ಅವನು ಅರ್ಹನಲ್ಲ. ಇಲ್ಲಿ ಮನೆಯನ್ನೋ ಜಮೀನನ್ನೋ ಅಡವಿಟ್ಟು ತಂದೆಯು ಸಾಲ ಮಾಡಿದ್ದರೆ, ಇನ್ನೂ ನೂರು ಪೌಂಡು ಬೇಕೆಂದು ಕೇಳುವುದಕ್ಕೆ ಮಗನ ನಾಲಗೆ ಏಳುವುದಿಲ್ಲ. ಚರ್ಚಿನ ಗಂಟನ್ನು ಪಡೆಯುವುದಕ್ಕೆ ಕಾಯಿದೆಯ ಅಡ್ಡಿಯಿಲ್ಲ. ಅದು ಸರ್ಕಾರದ ಹಣವಲ್ಲ. ಅಡ್ಡಿಯಾಗುವುದು ಮನಸ್ಸೇ.

ವಿಚಾರ ಮಾಡಿ ನೋಡಿದರೆ, “ಊಟ ಆಯಿತೆ?” ಎಂಬುದು ನಮ್ಮ ಭಾಷೆಯ ಅತ್ಯಂತ ಪ್ರೀತಿಯ ಪ್ರಶ್ನೆ. ಆದರೆ ಅದಕ್ಕೆ ನಾವು ಒಂದೇ ಉತ್ತರವನ್ನು ಕಲಿಸಿದ್ದೇವೆ: “ಆಯಿತು.” ಬೇರೆ ಉತ್ತರವನ್ನು ಕೊಟ್ಟವನು ಮನೆಯ ಮರ್ಯಾದೆಯನ್ನು ಕಳೆದಂತೆ ಎಂದು ಮಕ್ಕಳು ಹೇಳದೆಯೇ ತಿಳಿದುಕೊಂಡಿದ್ದಾರೆ. ಮಕ್ಕಳನ್ನು ದೂರಕ್ಕೆ ಕಳುಹಿಸಿರುವ ತಾಯಿತಂದೆಗಳು ಆ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಸೇರಿಸಿ ಕೇಳಲಿ: “ಈ ತಿಂಗಳ ಖರ್ಚಿಗೆ ಎಷ್ಟು ಉಳಿದಿದೆ?” ಕೇಳುವ ದನಿಯಲ್ಲಿ ಲೆಕ್ಕ ತಪಾಸಣೆಯ ಕಾಠಿಣ್ಯವಿರಬಾರದು. ಇಲ್ಲವೆಂದು ಹೇಳಿದರೆ ಮನೆಯಲ್ಲಿ ಯಾರೂ ಚಿಕ್ಕವರಾಗುವುದಿಲ್ಲವೆಂಬ ಧೈರ್ಯವು ಮಗುವಿಗೆ ಮೊದಲೇ ಇರಬೇಕು.

ಇನ್ನು ನಮ್ಮ ನಾಡಿನ ಅನ್ನದಾನದ ವಿಷಯ. ಈ ಪುಣ್ಯಕಾರ್ಯದಲ್ಲಿ ನಾವು ಯಾರಿಗೂ ಹಿಂದಿಲ್ಲವೆಂದು ಹೆಮ್ಮೆಪಡುವುದಕ್ಕೆ ಕಾರಣಗಳುಂಟು. ೨೦೧೯ರಲ್ಲಿ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನೂ ದಾಸೋಹವೆಂಬ ಒಂದೇ ಮಾತಿನಲ್ಲಿ ಸೇರಿಸಿದರು. ದಾಸೋಹದಲ್ಲಿ ಕೊಡುವವನೇ ದಾಸನು. ಸಂವಿಭಾಗಕ್ಕಿಂತಲೂ ಒಂದು ಮೆಟ್ಟಲು ಕೆಳಗಿಳಿದು ನಿಂತು ಕೊಡುವ ಭಾವವಿದು. ಆದರೆ ನಮ್ಮ ದಿನಚರಿಯು ಈ ಆದರ್ಶಕ್ಕೆ ತಕ್ಕಂತಿದೆಯೆ? ದೇವಾಲಯಕ್ಕೆ ವಿದ್ಯುದ್ದೀಪವನ್ನು ಕೊಟ್ಟವನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಅದರ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಬರೆಯಿಸಿ, ಅರ್ಧ ಬೆಳಕನ್ನು ತಾನೇ ನುಂಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಕ್ಕಿಯ ಚೀಲವನ್ನು ಕೊಡುವಾಗ ತೆಗೆದುಕೊಳ್ಳುವವನನ್ನು ಪಕ್ಕಕ್ಕೆ ನಿಲ್ಲಿಸಿ ಭಾವಚಿತ್ರ ತೆಗೆಯಿಸುವ ವಾಡಿಕೆಯು ಈಗ ಬೆಳೆದಿದೆ. ಆ ಚಿತ್ರವನ್ನು ಅವನ ಮಗಳು ಶಾಲೆಯಲ್ಲಿ ನೋಡುವಳು. ಚೀಲವು ಹದಿನೈದು ದಿನಗಳಲ್ಲಿ ಬರಿದಾಗುವುದು, ಚಿತ್ರವು ಉಳಿಯುವುದು. ನಾನು ಹೋದ ಚರ್ಚಿನಲ್ಲಿ ಸಭಾಂಗಣದೊಳಗೆ ಭಾವಚಿತ್ರ ತೆಗೆಯಕೂಡದೆಂದು ಗೋಡೆಯ ಮೇಲೆ ಬರೆದಿದ್ದರು.

ಒಂದು ವಿಷಯದಲ್ಲಿ ನಮ್ಮ ಏರ್ಪಾಡು ಅವರದಕ್ಕಿಂತ ಮೇಲೆಂದು ನನಗೆ ತೋರುತ್ತದೆ. ೨೦೧೩ರಲ್ಲಿ ಆದ ರಾಷ್ಟ್ರೀಯ ಆಹಾರ ಭದ್ರತೆಯ ಕಾಯಿದೆಯು, ಹಳ್ಳಿಗಳ ಜನರಲ್ಲಿ ಶೇಕಡ ೭೫ರವರೆಗೂ ಪಟ್ಟಣಗಳ ಜನರಲ್ಲಿ ಶೇಕಡ ೫೦ರವರೆಗೂ ಧಾನ್ಯವನ್ನು ಪಡೆಯುವ ಹಕ್ಕನ್ನು ಕೊಟ್ಟಿದೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಬಿಸಿಲುಂಟು, ಜಗಳವುಂಟು, ತೂಕದಲ್ಲಿ ಅನುಮಾನವುಂಟು. ಆದರೆ ಅಲ್ಲಿ ನಿಂತವಳು ಭಿಕ್ಷೆಗೆ ನಿಂತಿಲ್ಲ. ಕಾರ್ಡನ್ನು ಹಿಡಿದು ತನ್ನ ಪಾಲಿಗೆ ನಿಂತಿದ್ದಾಳೆ. ತೂಕ ಕಡಮೆಯಾದರೆ ಗದರಿಸುತ್ತಾಳೆ. ಇಂಗ್ಲೆಂಡಿನವರೂ ಇದನ್ನು ಬಲ್ಲದವರಲ್ಲ. ಯುದ್ಧಕಾಲದಲ್ಲಿಯೂ ಅದರ ಅನಂತರವೂ, ೧೯೪೦ರ ಜನವರಿಯಿಂದ ೧೯೫೪ರ ಜುಲೈವರೆಗೆ, ಅಲ್ಲಿ ಪಡಿತರದ ಪದ್ಧತಿ ನಡೆಯಿತು. ಬೆಣ್ಣೆ, ಸಕ್ಕರೆ, ಮಾಂಸಗಳನ್ನು ಧನಿಕನೂ ಬಡವನೂ ಪುಸ್ತಕವನ್ನು ತೋರಿಸಿಯೇ ಕೊಳ್ಳಬೇಕಾಗಿತ್ತು. ದೇಶವೇ ಒಂದು ಪಂಕ್ತಿಯಾಗಿ ಕುಳಿತ ಕಾಲವದು.

ಧರ್ಮಕಾರ್ಯವು ಎಷ್ಟು ಉತ್ತಮವಾದರೂ ನ್ಯಾಯದ ಸ್ಥಾನದಲ್ಲಿ ನಿಲ್ಲಲಾರದು. ಆ ಚರ್ಚಿನ ಸೇವಕರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ತಮ್ಮಂತಹ ಕೇಂದ್ರಗಳೇ ಬೇಕಾಗದ ಕಾಲವನ್ನು ತರುವುದು ತಮ್ಮ ಗುರಿಯೆಂದು ಟ್ರಸಲ್ ಸಂಸ್ಥೆಯು ಬಹಿರಂಗವಾಗಿ ಸಾರಿದೆ. ತನ್ನ ಬಾಗಿಲು ಮುಚ್ಚಲಿ ಎಂದು ಹಾರೈಸುವ ಧರ್ಮಸಂಸ್ಥೆಯನ್ನು ನಾನು ಇದಕ್ಕೆ ಮುಂಚೆ ಕಂಡಿರಲಿಲ್ಲ. ೨೦೨೪ರ ಏಪ್ರಿಲಿನಿಂದ ೨೦೨೫ರ ಮಾರ್ಚಿಯವರೆಗಿನ ವರ್ಷದಲ್ಲಿ ಅವರ ಗಂಟುಗಳು ಸುಮಾರು ೨೯ ಲಕ್ಷಕ್ಕೆ ಇಳಿದುವು. ಇಳಿದುದು ಸಂತೋಷವೇ, ಆದರೆ ಬಾಗಿಲು ಮುಚ್ಚುವ ದಿನವು ಇನ್ನೂ ದೂರವಿದೆ. ಅಲ್ಲಿಯವರೆಗೆ ಮಂಗಳವಾರ ಹಸಿದವನು ಬುಧವಾರದವರೆಗೆ ಕಾಯಲಾರನಷ್ಟೆ.

ನಾನು ಹಿಂದಿರುಗುವ ಮೊದಲು ಆ ಚರ್ಚಿನಲ್ಲಿ ಸುಗ್ಗಿಯ ಹಬ್ಬವಾಯಿತು. ಕಾರ್ನ್‌ವಾಲ್ ಪ್ರಾಂತದ ಮಾರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ ರಾಬರ್ಟ್ ಹಾಕರ್ ಎಂಬ ಪಾದ್ರಿಯು ೧೮೪೩ರಲ್ಲಿ ಈಗಿನ ಕ್ರಮದಲ್ಲಿ ಆಚರಿಸತೊಡಗಿದ ಹಬ್ಬವಿದು. ಹಿಂದೆ ವೇದಿಯ ಮುಂದೆ ಗೋದಿಯ ತೆನೆಯನ್ನೂ ಕುಂಬಳಕಾಯನ್ನೂ ಇಡುತ್ತಿದ್ದರಂತೆ. ಈಗ ಅವುಗಳ ಜೊತೆಗೆ ಹುರುಳಿಕಾಯಿಬೀಜದ ಡಬ್ಬಿಗಳೂ ಪಾಸ್ತಾದ ಪೊಟ್ಟಣಗಳೂ ಸೇರಿರುತ್ತವೆ. ಶಾಲೆಯ ಮಕ್ಕಳು ಒಂದೊಂದನ್ನು ತಂದಿಟ್ಟರು. ಯಾವ ಡಬ್ಬಿಯ ಮೇಲೆಯೂ ಹೆಸರಿರಲಿಲ್ಲ. ಮರುದಿನ ಅವೆಲ್ಲವನ್ನೂ ತೂಗಿ, ತಾರೀಖು ನೋಡಿ, ಪೆಟ್ಟಿಗೆಗೆ ಸೇರಿಸಿದೆವು. ಹಬ್ಬದ ವಾರದಲ್ಲಿ ಉಗ್ರಾಣವು ತುಂಬುವುದು, ಬೇಸಗೆಯಲ್ಲಿ ಬರಿದಾಗುವುದು. ಹಬ್ಬವಿಲ್ಲದ ತಿಂಗಳಿನಲ್ಲಿ ತಂದುಕೊಡುವವರೇ ನಮಗೆ ಹೆಚ್ಚಿನವರು ಎಂದು ಮೇಲ್ವಿಚಾರಕಿಯು ಹೇಳುತ್ತಿದ್ದಳು.

ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆಯು ಇಷ್ಟೆ. ನಿಮ್ಮ ಬೀದಿಯಲ್ಲಿಯೂ ಒಂದು ಮನೆಯಿದ್ದೀತು. ಅಲ್ಲಿ “ಊಟ ಆಯಿತು” ಎಂಬ ಮಾತು ಕೇಳಬಂದರೂ ಒಲೆ ಹೊತ್ತಿದ ಗುರುತು ಕಾಣದಿದ್ದೀತು. ಅಂತಹ ಮನೆಗೆ ಕೊಡಬೇಕೆಂದಾಗ ಏನು ಮಿಕ್ಕಿದೆಯೆಂದು ನೋಡಬೇಡಿರಿ. ಅವರ ಒಲೆಗೂ ಮಕ್ಕಳಿಗೂ ಏನು ಬೇಕೆಂದು ವಿಚಾರಿಸಿರಿ. ನವರಾತ್ರಿಗೂ ಸಂಕ್ರಾಂತಿಗೂ ಕಾಯದೆ, ಶಾಲೆಯ ಶುಲ್ಕ ತೆರಬೇಕಾದ ಜೂನ್ ತಿಂಗಳಿನಲ್ಲಿ ನೆನೆಸಿಕೊಳ್ಳಿರಿ. ಸಾಧ್ಯವಿದ್ದರೆ ಅವರಿಂದಲೂ ಏನಾದರೊಂದನ್ನು ಪಡೆಯಿರಿ. ನಾಲ್ಕು ಕರಿಬೇವಿನ ಎಲೆಯಾದರೂ ಆದೀತು, ಮಗುವಿಗೆ ಒಂದು ಹಾಡು ಹೇಳಿಕೊಟ್ಟರೂ ಆದೀತು. ಕೊಟ್ಟುದನ್ನು ಮೂರನೆಯವರ ಮುಂದೆ ಆಡಬೇಡಿರಿ. ಕೊಡುವಾಗ ಹೊಸ್ತಿಲ ಮೇಲೆ ನಿಲ್ಲದೆ, ಒಳಗೆ ಹೋಗಿ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಅವರು ಕೊಡುವ ನೀರನ್ನು ಕುಡಿದು ಬನ್ನಿರಿ.